ಹಳೆ ತೊಲೆ, ಹಳೆ ಸೀರೆ

ನಮ್ಮ ದೊಡ್ಡವ್ವನ ಮನೆ ಮಲಪ್ರಭೆಯ ನೀರಿಗೆ ಎರಡು ಸಲ ಬಿತ್ತು. ಒಮ್ಮೆ 2009ರ ಅಕ್ಟೋಬರ್ ಮೊದಲ ವಾರದಲ್ಲಿ, ಮತ್ತೊಮ್ಮೆ 2019ರ ಆಗಸ್ಟ್‌ನಲ್ಲಿ. ಮೊದಲ ಸಲ ಅವಳಿಗೆ ಕಟ್ಟಿದ ಮನೆ ಸಿಕ್ಕಿತು, ಎರಡನೇ ಸಲ ಕಟ್ಟಿಕೊಳ್ಳಲು ದುಡ್ಡು ಸಿಕ್ಕಿತು. ಕಟ್ಟಿದ ಮನೆ ಸಿಕ್ಕಾಗ ಅವಳು ಮಂಕಾದಳು. ದುಡ್ಡು ಸಿಕ್ಕಾಗ ಜಗಳಗಂಟಿಯಾದಳು. ಗೌಂಡಿಯ ಜೊತೆ ಜಗಳ, ಮಗನ ಜೊತೆ ಜಗಳ, ಅಡಿಪಾಯದ ಫೋಟೋ ತೆಗೆಯಲು ಬಂದ ಹುಡುಗನ ಜೊತೆ ಜಗಳ. ಆ ಜಗಳಗಳ ಸುದ್ದಿ ಫೋನಿನಲ್ಲಿ ಬರತೊಡಗಿದ ಮೇಲೆಯೇ ದೊಡ್ಡವ್ವ ಚೇತರಿಸಿಕೊಂಡಳು ಎಂದು ನಮಗೆಲ್ಲ ಧೈರ್ಯ ಬಂದದ್ದು.

ಮೊದಲು ಸಿಕ್ಕ ಮನೆಯನ್ನು ದೂರುವಂತಿರಲಿಲ್ಲ. ಊರಿಂದ ಎರಡು ಮೈಲಿ ಆಚೆ, ಮಡ್ಡಿಯ ಮೇಲೆ, ಸಾಲಾಗಿ ಒಂದೇ ಅಚ್ಚಿನ ಮನೆಗಳು. ಗೋಡೆ ಗಟ್ಟಿಯಿತ್ತು, ಸೂರು ಸೋರುತ್ತಿರಲಿಲ್ಲ. ಒಂದು ಹಾಲು (ಮಂಚ ಹಾಕಿದರೆ ಅಡ್ಡಡ್ಡ ನಡೆಯಬೇಕಾದ ಜಾಗಕ್ಕೆ ಆ ಹೆಸರು), ಒಂದು ಕೋಣೆ, ಒಲೆಗೊಂದು ಕಟ್ಟೆ. ದನಕ್ಕೆ ಜಾಗವಿಲ್ಲ, ಕಾಳಿನ ಚೀಲಕ್ಕೆ ಜಾಗವಿಲ್ಲ, ಹೊಲ ದೂರವಾಯಿತು ಎಂಬುದು ಎಲ್ಲರ ತಕರಾರು. ದೊಡ್ಡವ್ವನ ತಕರಾರು ಮಾತ್ರ ಬೇರೆಯಿತ್ತು. "ಕೌದಿ ಹಾಸಾಕ ಜಾಗಾ ಇಲ್ಲೋ ತಮ್ಮಾ" ಅಂದಳು. ನಾನಾಗ ನಕ್ಕಿದ್ದೆ. ಮನೆಯೇ ಹೋದವರಿಗೆ ಕೌದಿಯ ಚಿಂತೆಯೇ ಎಂದು.

ಕೌದಿ ಹೊಲಿಯುವುದನ್ನು ಹತ್ತಿರದಿಂದ ನೋಡಿದವರು ನಗುವುದಿಲ್ಲ. ಹಳೆ ಸೀರೆ, ಹಳೆ ಧೋತರಗಳನ್ನು ನೆಲದ ಮೇಲೆ ಪದರ ಪದರವಾಗಿ ಹಾಸಬೇಕು. ಒಬ್ಬರು ಹೊದೆಯುವ ಕೌದಿಗೇ ಏಳೆಂಟು ಅಡಿ ಉದ್ದದ ನೆಲ ಬೇಕು, ಸುತ್ತ ಕೂರಲು ಮತ್ತೆ ಎರಡೆರಡು ಅಡಿ. ಮೊದಲ ಸುತ್ತಿನ ಹೊಲಿಗೆ ಬೀಳುವವರೆಗೆ ಅಲುಗಿಸುವಂತಿಲ್ಲ. ಅಲುಗಿದರೆ ಒಳಗಿನ ಪದರ ಸುಕ್ಕಾಗಿ, ಮಲಗಿದವರ ಬೆನ್ನಿಗೆ ಜನ್ಮಪೂರ್ತಿ ಗಂಟು ಒತ್ತುತ್ತದೆ. ಅಂಚಿನಿಂದ ಶುರುವಾದ ಹೊಲಿಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ನಾಲ್ಕು ಜನ ನಾಲ್ಕು ಕಡೆ ಕೂತರೆ ಕೆಲಸ ಬೇಗ ಸಾಗುತ್ತದೆ, ಮಾತೂ ಸಾಗುತ್ತದೆ. ಹಳೆ ಮನೆಯ ಪಡಸಾಲೆ ಇಂಥ ಮಧ್ಯಾಹ್ನಗಳಿಗೆಂದೇ ಇದ್ದ ಹಾಗಿತ್ತು. ಯಾವ ಬಟ್ಟೆ ಒಳಗೆ ಹೋಗಬೇಕು, ಯಾವುದು ಮೇಲೆ ಬರಬೇಕು ಎಂಬುದೇ ಅರ್ಧ ದಿನದ ಚರ್ಚೆ. ಇಳಕಲ್ ಸೀರೆಯ ದಡಿ ಅಂಚಿಗೆ, ಗುಳೇದಗುಡ್ಡದ ಖಣದ ತುಂಡುಗಳು ತ್ರಿಕೋನವಾಗಿ ನಡುವಿಗೆ. ದೊಡ್ಡಪ್ಪ ತೀರಿಕೊಂಡ ಮೇಲೆ ಅವನ ಧೋತರಗಳು ಒಳಪದರಕ್ಕೆ ಸೇರಿದವು. ಹೊರಗಿನಿಂದ ನೋಡಿದರೆ ಕಾಣುವುದಿಲ್ಲ, ಗೊತ್ತಿದ್ದವರಿಗಷ್ಟೇ ಗೊತ್ತು.

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳ ಕೌದಿಯದೂ ಇದೇ ಕ್ರಮ. ಒಂದು ಮೂಲೆಯಿಂದ ಹೊರಟು ಒಳಮುಖವಾಗಿ ಸುತ್ತುತ್ತಾರೆ. ಕೈಗೆ ಸಿಕ್ಕ ಬಣ್ಣದ ತುಂಡನ್ನು ಆಯಾ ಹೊತ್ತಿಗೆ ತೋಚಿದ ಕಡೆ ಕೂರಿಸುತ್ತಾರೆ, ಮೊದಲೇ ಬರೆದಿಟ್ಟ ನಕ್ಷೆ ಇರುವುದಿಲ್ಲ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ 'ಫೂಲಾ' ಹಚ್ಚದಿದ್ದರೆ ಕೌದಿ ಬರಿಮೈಯಲ್ಲಿದೆ ಎಂದೇ ಅವರ ಲೆಕ್ಕ. ನಡುವಿನ ಕೊನೆಯ ಕಿಂಡಿ ಮುಚ್ಚುವ ಮುನ್ನ ಕೆಲವರು ಒಳಗೆ ನಾಲ್ಕು ಕಾಳು ಅಕ್ಕಿ ಹಾಕುತ್ತಾರೆ, ಕೌದಿಯ ಹೊಟ್ಟೆ ತುಂಬಿರಲಿ ಎಂದು. ಆಫ್ರಿಕಾದಿಂದ ಬಂದವರ ವಂಶದ ಈ ಕಲೆಯನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಜಗತ್ತಿಗೆ ತೋರಿಸಿದರು. ನಮಗೆ ಅದು ಅಷ್ಟು ಹೊತ್ತಿಗೂ ಚಳಿಗಾಲದ ಹೊದಿಕೆಯಾಗಿ ಮಾತ್ರ ಕಂಡಿತ್ತು.

ಮಡ್ಡಿಯ ಮನೆಯಲ್ಲಿದ್ದಷ್ಟು ದಿನ ದೊಡ್ಡವ್ವ ಸೂಜಿಗೆ ನೂಲು ಪೋಣಿಸಲಿಲ್ಲ. ಆಮೇಲೆ ಅದಕ್ಕೆ ಬೀಗ ಹಾಕಿ, ಹಳೇ ಊರಿನಲ್ಲಿ ಬಿದ್ದ ಗೋಡೆಗೇ ತಗಡು ಒರಗಿಸಿಕೊಂಡು ವಾಪಸಾದಳು. ಅಂಥವರು ಅವಳೊಬ್ಬಳೇ ಅಲ್ಲ. ಹೊಳೆಸಾಲಿನ ಅನೇಕ ಊರುಗಳಲ್ಲಿ ಹೀಗೆ ಬಾಗಿಲು ಮುಚ್ಚಿದ ಹೊಸ ಸಾಲುಮನೆಗಳೂ ಜನ ತುಂಬಿದ ಹಳೇ ಊರುಗಳೂ ಎದುರುಬದುರು ಇದ್ದವು. ಪೇಟೆಯವರು ಅವರನ್ನು ಹಟಮಾರಿಗಳು ಅಂದರು, ಕೊಟ್ಟದ್ದನ್ನು ಅನುಭವಿಸಲು ಬಾರದವರು ಅಂದರು.

ನನ್ನ ವಾದ ಇಷ್ಟೇ. ಪುನರ್ವಸತಿಯ ಲೆಕ್ಕದಲ್ಲಿ ಮನೆ ಎಂದರೆ ಇಷ್ಟು ಜನ ಮಲಗಲು ಇಷ್ಟು ಚದರಡಿ. ಆ ಮನೆಯಲ್ಲಿ ಕೂತು ಯಾರಾದರೂ ಏನಾದರೂ ಮಾಡುತ್ತಾರೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಸಂತ್ರಸ್ತ ಮಹಿಳೆಯರಿಗೆ ಹೊಲಿಗೆ ಯಂತ್ರ ಹಂಚುವ ಯೋಜನೆ ಇರುತ್ತದೆ ನಿಜ. ಆದರೆ ಮನೆಯ ಕಡತ ಒಂದು ಇಲಾಖೆಯಲ್ಲಿ, ಯಂತ್ರದ ಕಡತ ಇನ್ನೊಂದರಲ್ಲಿ. ಎರಡು ಕಡತಕ್ಕೂ ಸೇರಿದ ಹೆಂಗಸು ಮಾತ್ರ ಒಬ್ಬಳೇ. ಬಿದ್ದ ಮನೆಯನ್ನು ಕಟ್ಟಿಕೊಳ್ಳುವುದಕ್ಕೂ ಹರಿದ ಸೀರೆಗಳಿಂದ ಕೌದಿ ಹೊಲಿಯುವುದಕ್ಕೂ ಬೇಕಾದ ಬುದ್ಧಿ ಒಂದೇ. ಉಳಿದದ್ದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು, ಇಟ್ಟುಕೊಂಡದ್ದು ಎಲ್ಲಿ ಕೂರಬೇಕು ಎಂದು ಒಂದೊಂದಾಗಿ ತೀರ್ಮಾನಿಸುತ್ತ ಹೋಗುವ ಬುದ್ಧಿ. ಎಲ್ಲ ಕಳೆದುಕೊಂಡವರು ಮತ್ತೆ ಮನುಷ್ಯರಾಗುವುದು ಆ ಸಣ್ಣ ಸಣ್ಣ ತೀರ್ಮಾನಗಳಲ್ಲಿ. ಅವನ್ನೆಲ್ಲ ನಾವೇ ಮಾಡಿ ಮುಗಿಸಿ ಕೀಲಿಕೈ ಕೊಟ್ಟರೆ, ಕೊಟ್ಟದ್ದು ಮನೆ, ಕಸಿದುಕೊಂಡದ್ದು ಚೇತರಿಕೆ.

ಇದನ್ನು ದೊಡ್ಡವ್ವನೊಬ್ಬಳ ಕತೆಯ ಮೇಲೆ ನಿಲ್ಲಿಸುವುದು ನ್ಯಾಯವಲ್ಲ. ಕಛ್‌ಗೆ ಹೋಗೋಣ.

2001ರ ಜನವರಿ 26ರ ಬೆಳಿಗ್ಗೆ, ಗಣರಾಜ್ಯೋತ್ಸವದ ಹೊತ್ತಿಗೆ, 7.7 ತೀವ್ರತೆಯ ಭೂಕಂಪ ಗುಜರಾತಿನ ಕಛ್ ಜಿಲ್ಲೆಯನ್ನು ಅಲ್ಲಾಡಿಸಿತು. ಸಾವಿರಾರು ಜನ ಸತ್ತರು, ಎರಡು ಲಕ್ಷಕ್ಕೂ ಹೆಚ್ಚು ಮನೆಗಳು ನೆಲಕ್ಕೆ ಕೂತವು. ಭುಜ್‌ಗೆ ಪೂರ್ವದಲ್ಲಿ ಧಮಡ್ಕಾ ಎಂಬ ಊರಿದೆ. ಹದಿನಾರನೇ ಶತಮಾನದಲ್ಲಿ ಸಿಂಧ್‌ನಿಂದ ಬಂದ ಖತ್ರಿ ಮನೆತನಗಳು ಅಲ್ಲಿ ನೆಲೆಯೂರಿ, ಮರದ ಅಚ್ಚಿನಲ್ಲಿ ಅಜ್ರಖ್ ಬಟ್ಟೆ ಮುದ್ರಿಸುತ್ತ ಬಂದಿದ್ದವು. ಅವರು ಅಲ್ಲಿ ನಿಂತದ್ದೇ ಊರ ಬದಿಯ ನದಿಗಾಗಿ. ಅಜ್ರಖ್ ಎಂದರೆ ಅರ್ಧ ಮುದ್ರಣ, ಅರ್ಧ ತೊಳೆತ. ಭೂಕಂಪಕ್ಕೂ ಮುಂಚೆಯೇ ನದಿ ಬತ್ತಿತ್ತು, ಕೊಳವೆಬಾವಿಯ ನೀರೇ ಗತಿಯಾಗಿತ್ತು. ನೆಲ ನಡುಗಿದ ಮೇಲೆ ಆ ನೀರಿನಲ್ಲಿ ಕಬ್ಬಿಣದ ಅಂಶ ಏರಿತು.

ಕಬ್ಬಿಣ ಹೆಚ್ಚಾದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಆ ಬಟ್ಟೆಯ ಕಪ್ಪು ಬಣ್ಣ ಹೇಗೆ ಬರುತ್ತದೆ ಎಂದು ನೋಡಬೇಕು. ಬಟ್ಟೆಯನ್ನು ಮೊದಲು ಅಳಲೆಕಾಯಿಯ ನೀರಿನಲ್ಲಿ ಅದ್ದಿ ಒಗರು ಹಿಡಿಸುತ್ತಾರೆ. ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹಲವು ದಿನ ಕೊಳೆಹಾಕಿ ಅದರಿಂದ ಅಚ್ಚು ಒತ್ತುತ್ತಾರೆ. ಒಗರೂ ಕಬ್ಬಿಣವೂ ಕೂಡಿದಲ್ಲಿ ಬಟ್ಟೆ ಕಪ್ಪಾಗುತ್ತದೆ. ಬೇಕಾದ ಗೆರೆಯಲ್ಲಿ ಕೂಡಿದರೆ ಅದು ಬಣ್ಣ. ತೊಳೆಯುವ ನೀರಿನಲ್ಲೇ ಕಬ್ಬಿಣ ಇದ್ದರೆ ಬಿಳಿಯೂ ಕೆಂಪೂ ಎಲ್ಲ ಕಡೆ ಮಾಸಿ ಕೂರುತ್ತದೆ.

ಹಾಗಾಗಿ ಖತ್ರಿಗಳಲ್ಲಿ ಹಲವು ಮನೆತನಗಳು ಒಟ್ಟಾಗಿ ಯೋಚಿಸಿ, ಭುಜ್‌ಗೆ ಹತ್ತಿರ ನೀರು ನೋಡಿ ಜಮೀನು ಕೊಂಡು, ಹೊಸ ಊರು ಕಟ್ಟಿಕೊಂಡವು. ಅದಕ್ಕೆ ದೇವರ ಹೆಸರಾಗಲಿ ದಾನಿಯ ಹೆಸರಾಗಲಿ ಇಡಲಿಲ್ಲ. ಅಜ್ರಖ್‌ಪುರ ಎಂದು ಕರೆದರು. ಮನೆ ಎಲ್ಲಿರಬೇಕು ಎಂಬುದನ್ನು ಅಲ್ಲಿ ಬಟ್ಟೆ ತೀರ್ಮಾನಿಸಿತು. ಮುದ್ರಿಸುವ ಉದ್ದ ಮೇಜುಗಳಿಗೆ ನೆರಳು, ತೊಳೆಯುವ ತೊಟ್ಟಿ, ಒಣಹಾಕುವ ಬಯಲು, ಅವುಗಳ ಜೊತೆಗೆ ಮನೆಗಳು. ಎಲ್ಲರೂ ಹೊರಡಲಿಲ್ಲ. ಧಮಡ್ಕಾದಲ್ಲೇ ಉಳಿದು ಇಂದಿಗೂ ಮುದ್ರಿಸುವವರಿದ್ದಾರೆ. ಹೋಗುವುದೋ ಉಳಿಯುವುದೋ ಎಂಬ ಪ್ರಶ್ನೆಯನ್ನು ಮನೆಮನೆಯವರೇ ಕೂತು ಬಗೆಹರಿಸಿಕೊಂಡರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಇಡೀ ಕಛ್‌ನ ಪುನರ್ನಿರ್ಮಾಣದಲ್ಲೂ ಇದೇ ತಿರುವು ಬಂತು. ಹಳ್ಳಿಗಳನ್ನು ಬೇರೆಡೆಗೆ ಸ್ಥಳಾಂತರಿಸುವ ಮಾತು ಮೊದಲು ಎದ್ದಿತ್ತು. ಹಿಂದೆ, 1993ರ ಲಾತೂರು ಭೂಕಂಪದ ನಂತರ, ಅನೇಕ ಊರುಗಳನ್ನು ಹಾಗೆಯೇ ಎತ್ತಿ ದೊಡ್ಡ ದೊಡ್ಡ ಬಡಾವಣೆಗಳಲ್ಲಿ ಇಟ್ಟಿದ್ದರು. ಕಛ್‌ನ ಜನ ಬಹುಪಾಲು ಒಪ್ಪಲಿಲ್ಲ. ಕೊನೆಗೆ ಸರ್ಕಾರ ಮನೆಯ ಯಜಮಾನರ ಬ್ಯಾಂಕ್ ಖಾತೆಗೇ ಕಂತುಗಳಲ್ಲಿ ಹಣ ಹಾಕಿತು. ಅಡಿಪಾಯ, ಬಾಗಿಲ ಮೇಲ್ಮಟ್ಟ, ಸೂರು, ಈ ಮೂರು ಕಡೆ ಕಾಂಕ್ರೀಟ್ ಪಟ್ಟಿ ಕೂರಿಸುವಂಥ ಭೂಕಂಪ ತಡೆಯುವ ನಿಯಮಗಳನ್ನು ಮಾತ್ರ ಕಡ್ಡಾಯ ಮಾಡಿ, ಎಂಜಿನಿಯರು ನೋಡಿ ಸಹಿ ಹಾಕಿದ ಮೇಲೆ ಮುಂದಿನ ಕಂತು. ಉಳಿದದ್ದು ಮನೆಯವರ ಇಷ್ಟ. ಬೇರೆ ಬೇರೆ ಬಗೆಯ ಪುನರ್ನಿರ್ಮಾಣಗಳನ್ನು ಆಮೇಲೆ ಹೋಲಿಸಿ ನೋಡಿದ ಸಮಾಜವಿಜ್ಞಾನಿ ಜೆನಿಫರ್ ಡ್ಯೂಯ್ನೆ ಬಾರೆನ್‌ಸ್ಟೈನ್ ಅವರಿಗೆ ಕಂಡದ್ದು, ತಾವೇ ನಿಂತು ಕಟ್ಟಿಸಿಕೊಂಡವರಲ್ಲಿ ಸಮಾಧಾನ ಹೆಚ್ಚು, ಗುತ್ತಿಗೆದಾರರು ಬೇರೆ ಜಾಗದಲ್ಲಿ ಕಟ್ಟಿಕೊಟ್ಟ ಮನೆಗಳಲ್ಲಿ ತೀರ ಕಡಿಮೆ ಎಂದು.

ಕಛ್‌ನಲ್ಲಿ ಮನೆಗೂ ಬಟ್ಟೆಗೂ ನಡುವೆ ಗೆರೆ ಎಳೆಯುವುದೇ ಕಷ್ಟ. ಬನ್ನಿ ಹುಲ್ಲುಗಾವಲಿನ ಗುಂಡನೆಯ ಮಣ್ಣಿನ ಮನೆಗಳಾದ ಭುಂಗಾಗಳ ಒಳಗೋಡೆಗೆ ಹೆಂಗಸರು ಮಣ್ಣು, ಸಗಣಿ ಕಲಸಿ ಉಬ್ಬುಗೆರೆ ಬರೆದು, ನಡುನಡುವೆ ಕನ್ನಡಿಚೂರು ಕೂರಿಸುತ್ತಾರೆ. ಅದೇ ಕನ್ನಡಿ, ಹೆಚ್ಚೂಕಡಿಮೆ ಅದೇ ಚಿತ್ತಾರ, ಅವರ ರವಿಕೆಯ ಮೇಲೂ. (ನಮ್ಮ ಕಸೂತಿಯವರು ತುಳಸಿಕಟ್ಟೆ, ತೊಟ್ಟಿಲು, ಗೋಪುರಗಳನ್ನು ಸೆರಗಿನ ಮೇಲೆ ತಂದಿಟ್ಟ ಹಾಗೆ, ಉಟ್ಟು ತಿರುಗಬಹುದಾದ ಊರು ಅದು.) ಭೂಕಂಪದಲ್ಲಿ ಹೊಸ ಕಟ್ಟಡಗಳು ಉರುಳಿದ ಕಡೆಯಲ್ಲೂ ಚೆನ್ನಾಗಿ ಕಟ್ಟಿದ ಭುಂಗಾಗಳು ಬಹಳಷ್ಟು ನಿಂತವು. ಗುಂಡಗಿನ ಗೋಡೆ ಅಲುಗಾಟವನ್ನು ಸುತ್ತಲೂ ಹಂಚಿಕೊಳ್ಳುತ್ತದೆ, ಒತ್ತಡ ಸೇರಿಕೊಂಡು ಬಿರುಕು ಬಿಡಲು ಅದಕ್ಕೆ ಮೂಲೆಯಿಲ್ಲ. ಸುಮ್ರಾಸರ್ ಎಂಬಲ್ಲಿ 1993ರಲ್ಲಿ ಶುರುವಾದ ಕಲಾ ರಕ್ಷಾ ಸಂಸ್ಥೆಯ ಕೆಲವು ಹೆಣ್ಣುಮಕ್ಕಳು ಆ ದಿನದ ಕತೆಯನ್ನೇ, ಬೀಳುವ ಮನೆ, ಓಡುವ ಜನ ಎಲ್ಲವನ್ನೂ, ಬಟ್ಟೆಯ ಮೇಲೆ ತುಂಡು ಹಚ್ಚಿ ಹೊಲಿದರು.

ಇಲ್ಲಿ ಒಂದು ಅಪಾಯವಿದೆ, ಅದನ್ನು ನುಂಗಿಕೊಂಡು ಮುಂದೆ ಹೋಗಬಾರದು. ಹೆಣ್ಣುಮಕ್ಕಳು ಹೊಲಿಯುತ್ತ ದುಃಖ ಮರೆತರು ಎಂಬ ಚಿತ್ರ ನೋಡುವವರಿಗೆ ಬಲು ಹಿತ. ಕಾರ್ಯಕ್ರಮದ ವೇದಿಕೆಗೂ ಹಿತ. ಹೊಲಿಗೆ ಎಲ್ಲ ಕಾಲಕ್ಕೂ ಸುಖದ ಕೆಲಸವಲ್ಲ. ಕಛ್‌ನ ಢೇಬರಿಯಾ ರಬಾರಿಗಳಲ್ಲಿ ಮದುಮಗಳು ಗಂಡನ ಮನೆಗೆ ಒಯ್ಯಬೇಕಾದ ಕಸೂತಿಯ ಪಟ್ಟಿ ಬೆಳೆದು ಬೆಳೆದು, ಅದು ಮುಗಿಯದೆ ಹುಡುಗಿಯರು ತವರಲ್ಲೇ ವರ್ಷಗಟ್ಟಲೆ ಉಳಿಯುವಂತಾಗಿತ್ತು. 1995ರಲ್ಲಿ ಸಮುದಾಯದ ಹಿರಿಯರು ಕಸೂತಿ ಹಾಕುವುದನ್ನೂ ತೊಡುವುದನ್ನೂ ನಿಷೇಧಿಸಿದರು. ಗಂಡಸರ ಪಂಚಾಯಿತಿ ಹೆಂಗಸರ ಸೂಜಿಯ ಬಗ್ಗೆ ಕೊಟ್ಟ ತೀರ್ಪು ಅದು. ಹೆಂಗಸರು ಏನು ಮಾಡಿದರು? ಅಂಗಡಿಯಲ್ಲಿ ಸಿಗುವ ಜರಿಪಟ್ಟಿ, ರಿಬ್ಬನ್ನುಗಳನ್ನು ತಂದು ಯಂತ್ರದಲ್ಲಿ ಬಟ್ಟೆಗೆ ಹಚ್ಚತೊಡಗಿದರು. ಕಸೂತಿಯಲ್ಲವಲ್ಲ, ಹಾಗಾಗಿ ನಿಷೇಧ ಮುರಿದಂತಾಗಲಿಲ್ಲ. ಅದರಲ್ಲೇ ಹೊಸದೊಂದು ಶೈಲಿ ಹುಟ್ಟಿತು. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಡ. ಆ ಹೆಂಗಸರಿಗೆ ಬೇಕಾಗಿದ್ದದ್ದು ಕಸೂತಿಯೇ ಆಗಬೇಕೆಂದಿರಲಿಲ್ಲ, ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂದು ಹೇಳುವ ಹಕ್ಕು ಬೇಕಿತ್ತು.

ಅಮೆರಿಕದ ಅಲಬಾಮಾದ ಗೀಸ್ ಬೆಂಡ್‌ನಲ್ಲೂ ಇದೇ ಕತೆ ಇನ್ನೊಂದು ವೇಷದಲ್ಲಿ ನಡೆಯಿತು. ಗುಲಾಮರಾಗಿದ್ದವರ ಮೊಮ್ಮಕ್ಕಳು ಮರಿಮಕ್ಕಳು ಬಾಳುವ, ನದಿಯೊಂದು ಸುತ್ತುವರಿದ ಬಡ ಊರು ಅದು. 1930ರ ದಶಕದ ಕೊನೆಗೆ ಅಲ್ಲಿಯ ಕೇಂದ್ರ ಸರ್ಕಾರ ಅವರಿಗೆ ಮನೆಗಳನ್ನು ಕಟ್ಟಿಸಿತು. ಅದಕ್ಕೂ ಮುಂಚಿನ ಗುಡಿಸಲುಗಳಲ್ಲಿ ಗಾಳಿ ಬಾರದಂತೆ ಗೋಡೆಗೆ ಹಳೆ ಪತ್ರಿಕೆ ಅಂಟಿಸುತ್ತಿದ್ದ, ಹಳೆ ಬಟ್ಟೆಯ ಕೌದಿ ಹೊಲಿಯುತ್ತಿದ್ದ ಹೆಂಗಸರಿಗೆ ಚೌಕದೊಳಗೆ ಚೌಕ ಬರುವ ಒಂದು ವಿನ್ಯಾಸ ಬಲು ಇಷ್ಟ. ಅದರ ಹೆಸರೇ ಮನೆಯ ಮಾಡು, 'ಹೌಸ್‌ಟಾಪ್'. 1942ರಲ್ಲಿ ಮಿಸ್ಸೂರಿ ಪೆಟ್‌ವೇ ಎಂಬಾಕೆ ತೀರಿಹೋದ ಗಂಡನ ಕೆಲಸದ ಬಟ್ಟೆಗಳನ್ನೇ ಕತ್ತರಿಸಿ ಹೊದಿಕೆ ಹೊಲಿದಳು. ಮೊಣಕಾಲಿನ ಬಳಿ ಸವೆದ ಗುರುತು ಅದರಲ್ಲಿ ಹಾಗೇ ಉಳಿದಿದೆ. 1970ರ ದಶಕದಲ್ಲಿ ಸಿಯರ್ಸ್ ಎಂಬ ದೊಡ್ಡ ಅಂಗಡಿಗೆ ಕಾರ್ಡುರಾಯ್ ದಿಂಬಿನ ಚೀಲಗಳನ್ನು ಒಂದೇ ಅಳತೆಯಲ್ಲಿ ಹೊಲಿದುಕೊಡುವ ಗುತ್ತಿಗೆ ಅಲ್ಲಿನ ಹೆಂಗಸರ ಸಹಕಾರಿ ಗುಂಪಿಗೆ ಸಿಕ್ಕಿತು. ಅಂಗಡಿಗೆ ಹೋದ ದಿಂಬಿನ ಚೀಲಗಳನ್ನು ಇಂದು ಯಾರೂ ನೆನೆಯುವುದಿಲ್ಲ. ಕತ್ತರಿಸಿ ಉಳಿದ ಚಿಂದಿಯನ್ನು ಮನೆಗೆ ತಂದು ಅವರು ತಮಗಾಗಿ ಹೊಲಿದುಕೊಂಡ ಕೌದಿಗಳು 2002ರಿಂದೀಚೆಗೆ ಹ್ಯೂಸ್ಟನ್, ನ್ಯೂಯಾರ್ಕ್‌ನ ವಸ್ತುಸಂಗ್ರಹಾಲಯಗಳ ಗೋಡೆ ಏರಿದವು.

ನಮ್ಮ ತರಬೇತಿ ಶಿಬಿರಗಳು ದಿಂಬಿನ ಚೀಲವನ್ನು ಕಲಿಸುತ್ತವೆ. ಚಿಂದಿಯನ್ನು ಗುಡಿಸಿ ಹೊರಗೆ ಹಾಕುತ್ತವೆ.

ತೀರ್ಮಾನದ ಹಕ್ಕು ಕೊಟ್ಟರೆ ಸಾಲದು, ಮತ್ತೆ ರೂಪ ಕೊಡಬಹುದಾದ ವಸ್ತುವೂ ಕೈಯಲ್ಲಿರಬೇಕು. ಹಿಂದಿನ ಮಣ್ಣಿನ ಮನೆ ಬಿದ್ದರೆ ಬಿದ್ದದ್ದೇ ಹೊಸ ಮನೆಯ ಸಾಮಾನು. ಗೋಡೆಯ ಮಣ್ಣನ್ನು ನೆನೆಹಾಕಿ ತುಳಿದು ಮತ್ತೆ ಗೋಡೆ ಇಡುತ್ತಿದ್ದರು. ಕಲ್ಲು ಅದೇ, ಜಂತಿ ಅದೇ, ಅಜ್ಜನ ಕಾಲದ ತೊಲೆ ಮೊಮ್ಮಗನ ಸೂರನ್ನೂ ಹೊರುತ್ತಿತ್ತು. ಹತ್ತಿಯ ಸೀರೆಯೂ ಹಾಗೆಯೇ. ವರ್ಷಗಟ್ಟಲೆ ಒಗೆದು ಗಂಜಿಯೆಲ್ಲ ಹೋಗಿ ಎಳೆ ಮೆತ್ತಗಾದ ಮೇಲೆಯೇ ಅದು ಕೌದಿಗೆ ಯೋಗ್ಯ. ಬಾಣಂತಿಯ ಪಕ್ಕದ ಕೂಸಿಗೆ ಹೊಸ ಬಟ್ಟೆ ಹಾಸದೆ ಹಳೇ ಸೀರೆಯ ಮಡಿಕೆಯಲ್ಲಿ ಮಲಗಿಸುವುದು ಬಡತನಕ್ಕಲ್ಲ. ಕೌದಿ ಹರಿದರೆ ಮಸಿಅರಿವೆ, ಮಸಿಅರಿವೆ ಹರಿದರೆ ತಿಪ್ಪೆ, ತಿಪ್ಪೆಯಿಂದ ಹೊಲ. ಹನ್ನೆರಡನೇ ಶತಮಾನದ ಶರಣೆ ಬೊಂತಾದೇವಿಯ ಹೆಸರೇ ಈ ಚಿಂದಿಯ ಹೊದಿಕೆಯಿಂದ ಬಂದದ್ದು. ಕಾಶ್ಮೀರದ ಅರಮನೆ ಬಿಟ್ಟು ಬರಿಮೈಯಲ್ಲಿ ಹೊರಟವಳಿಗೆ ಶಿವನು ಕೊಟ್ಟದ್ದು ಪೀತಾಂಬರವಲ್ಲ, ಬೊಂತೆ ಎಂದು ಅವಳ ಕತೆ ಹೇಳುತ್ತದೆ.

ಈಗ ಬೀಳುವ ಮನೆ ಕಾಂಕ್ರೀಟಿನದು, ಹರಿಯುವ ಸೀರೆ ಪಾಲಿಸ್ಟರಿನದು. ಒಂದು ಒಡೆದರೆ ರಸ್ತೆಯ ಗುಂಡಿಗೆ ಸುರಿಯುವ ಕಡಿ, ಕಂಬಿ ಬಿಡಿಸಿ ಗುಜರಿಗೆ. ಇನ್ನೊಂದು ಹರಿಯುವುದೇ ಅಪರೂಪ. ಬೇಸರ ಬಂದಾಗ ಎಸೆಯುತ್ತೇವೆ, ಕೌದಿಯೊಳಗೆ ಹಾಕಿದರೆ ಬೆವರು ಹೀರದೆ ಜಾರುತ್ತದೆ. ಎರಡಕ್ಕೂ ಒಂದೇ ಜನ್ಮ.

ಹಾಗೆಂದು ಮಣ್ಣಿನ ಮನೆಗೆ ಮರಳಿರಿ ಎಂದು ಹೊಳೆದಂಡೆಯವರಿಗೆ ಹೇಳುವ ಧೈರ್ಯ ನನಗಿಲ್ಲ. ಎರಡು ದಿನ ನೀರು ನಿಂತರೆ ಮಣ್ಣಿನ ಗೋಡೆ ಕರಗುತ್ತದೆ, ಅದನ್ನು ಕಣ್ಣಾರೆ ಕಂಡವಳ ಎದುರು ಪರಿಸರದ ಪಾಠ ಒಪ್ಪುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ, ಮಣ್ಣಿಗೆ ಸ್ವಲ್ಪವೇ ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿ ಮಾಡುವ, ಸುಡಬೇಕಿಲ್ಲದ ಇಟ್ಟಿಗೆಗಳನ್ನು ರೂಢಿಗೆ ತಂದಿತು. ಐವತ್ತು ವರ್ಷವಾದರೂ ಅದು ಪಟ್ಟಣದ ಅಭಿರುಚಿವಂತರ ಬಂಗಲೆಗಳಲ್ಲಿ ಕಂಡಷ್ಟು ಹೊಳೆಸಾಲಿನ ಬಡವರ ಮನೆಗಳಲ್ಲಿ ಕಾಣುವುದಿಲ್ಲ. ಕೈಗೆ ಹಣ ಕೊಟ್ಟು ಬಿಡುವ ಪದ್ಧತಿಯಲ್ಲೂ ಹುಳುಕಿದೆ. ಜಾಗದ ಕಾಗದ ಇಲ್ಲದವರಿಗೆ, ಬಾಡಿಗೆಗಿದ್ದವರಿಗೆ, ನಿಂತು ಕೆಲಸ ಮಾಡಿಸಲು ಆಳಿಲ್ಲದ ವಿಧವೆಯರಿಗೆ ಅದು ಭಾರ. ಭುಜ್ ಪಟ್ಟಣದಲ್ಲಿ ಬಾಡಿಗೆದಾರರೇ ಹೆಚ್ಚು ಸೋತವರು. ಇಂಥವರಿಗೆ ಹಣದ ಜೊತೆಗೆ ಒಬ್ಬ ಒಳ್ಳೆಯ ಗೌಂಡಿಯನ್ನೂ ಒಬ್ಬ ಎಂಜಿನಿಯರನ್ನೂ ಕೊಡಬೇಕು. ತೀರ್ಮಾನ ಮಾತ್ರ ಅವರದೇ ಇರಬೇಕು.

ದೊಡ್ಡವ್ವ ಎರಡನೇ ಮನೆಯನ್ನು ಊರೊಳಗೇ, ತುಸು ಎತ್ತರದಲ್ಲಿ ಕಟ್ಟಿಸಿದಳು. ಹಣ ಹಂತ ಹಂತವಾಗಿ ಬಂತು, ಸಾಲದೆ ಎರಡು ಎಮ್ಮೆ ಮಾರಿದಳು. ಸೂರು ಕಾಂಕ್ರೀಟಿನದೇ ಬೇಕೆಂದು ಅವಳೇ ಹಟ ಹಿಡಿದಳು. ಆದರೆ ಹಳೆ ಮನೆಯ ಬಾಗಿಲ ಚೌಕಟ್ಟನ್ನು ರಾಡಿಯಿಂದ ಎತ್ತಿಸಿ ತೊಳೆಸಿ ಕೂರಿಸಿದಳು. ಗೌಂಡಿ ಹೇಳಿದ ಅಳತೆಗೆ ಅದು ಹೊಂದಲಿಲ್ಲ, ಅಳತೆಯನ್ನೇ ಬದಲಿಸಿದಳು. ಹಳೆ ಮನೆಯದೇ ಬೇವಿನ ತೊಲೆಯನ್ನು ಹೊರಗಿನ ಕಟ್ಟೆಯ ಅಂಚಿಗೆ ಮಲಗಿಸಿದಳು. ಮಗ ಎರಡು ಕೋಣೆ ಬೇಕು ಅಂದ. ಅವಳು ಒಂದೇ ಕೋಣೆ, ಹದಿನಾಲ್ಕು ಅಡಿ ಪಡಸಾಲೆ ಅಂದಳು. ಪಡಸಾಲೆಯೇ ಗೆದ್ದಿತು.

ಹೋದ ಚಳಿಗಾಲದಲ್ಲಿ ಹೋದಾಗ ಆ ಪಡಸಾಲೆಯ ನೆಲದಲ್ಲಿ ಕೌದಿ ಹರಡಿತ್ತು. ಓಣಿಯ ಮೂವರು ಹೆಂಗಸರು ಸುತ್ತ ಕೂತಿದ್ದರು. ನಡುವೆ ಒಂದು ಮೊಳದಷ್ಟು ಜಾಗ ಖಾಲಿಯಿತ್ತು. ನಿನ್ನದೊಂದು ಹಳೆ ಅಂಗಿ ಕೊಟ್ಟು ಹೋಗು, ಇಲ್ಲಿಗೆ ಹಚ್ಚುತ್ತೇನೆ ಎಂದಳು ದೊಡ್ಡವ್ವ. ಚೀಲ ತೆರೆದು ಇದ್ದುದರಲ್ಲಿ ಹಳೆಯದನ್ನು ಕೊಟ್ಟೆ. ಅವಳು ಎರಡು ಬೆರಳಿನ ನಡುವೆ ಅದನ್ನು ತಿಕ್ಕಿ ನೋಡಿದಳು, ಬೆಳಕಿಗೆ ಹಿಡಿದಳು, ಮಡಚಿ ನನ್ನ ತೊಡೆಯ ಮೇಲಿಟ್ಟಳು.

"ಇದರಾಗ ಸೂಜಿ ನಡಿಯಂಗಿಲ್ಲೋ ತಮ್ಮಾ. ಅರಿವಿದು ಒಂದೂ ಇಲ್ಲೇನ ನಿನ್ನ ಹಂತ್ಯಾಕ?"